ಹುಡುಗನೊಬ್ಬನೇ ಹೋದರೆ ಸಾಲದು

"ಟೀಚರ್ರೇ, ಕೌನ್ಸೆಲಿಂಗ್ ಅಂದ್ರೆ ಬುದ್ಧಿ ಹೇಳೋದೇ ತಾನೆ? ಅದನ್ನ ಮನೇಲಿ ದಿನಾ ಹೇಳ್ತಾನೇ ಇರ್ತಾರಲ್ಲ. ಹೊರಗಿನವರು ಹೇಳಿಬಿಟ್ರೆ ಕೇಳ್ಬಿಡ್ತಾನಾ?"

ಪಕ್ಕದ ಮನೆಯ ಅಕ್ಕ ಕಾಂಪೌಂಡಿನ ಆ ಕಡೆಯಿಂದ ಕೇಳಿದರು. ನಮ್ಮ ಬೀದಿಯ ಹುಡುಗನೊಬ್ಬ ತರಗತಿಯಲ್ಲಿ ಇನ್ನೊಬ್ಬನ ತಲೆ ಒಡೆದಿದ್ದ. ಕೌನ್ಸೆಲಿಂಗಿಗೆ ಕರೆದುಕೊಂಡು ಹೋಗಿ, ಇಲ್ಲದಿದ್ದರೆ ಟಿಸಿ ತೆಗೆದುಕೊಳ್ಳಿ ಎಂದು ಶಾಲೆಯವರು ಹೇಳಿದರಂತೆ. ಆ ಸುದ್ದಿ ಸಂಜೆಯೊಳಗೆ ಇಡೀ ಬೀದಿಗೆ ಹರಡಿತ್ತು.

"ಆ ಹುಡುಗನ ವಿಷಯ ನಾವು ಆಡೋದು ಬೇಡ ಅಕ್ಕಾ, ಅದು ಅವರ ಮನೆ ನೋವು. ಆದ್ರೆ ಇಂಥ ಮಕ್ಕಳ ವಿಷಯ ಮಾತಾಡೋಣ. ಸ್ವಲ್ಪ ಹೊತ್ತು ಇದೀರಾ?" ಅಂದೆ. ಅಕ್ಕ ಸೊಪ್ಪಿನ ಮೊರವನ್ನು ಕಾಂಪೌಂಡಿನ ಮೇಲಿಟ್ಟು ಬಿಡಿಸುತ್ತಾ ನಿಂತರು. ಪ್ರೈಮರಿ ಶಾಲೆಯಲ್ಲಿ ಪಾಠ ಮಾಡಿ ನಿವೃತ್ತಳಾದ ನನಗೆ ಈ ವಿಷಯದಲ್ಲಿ ಹೇಳಿಕೊಳ್ಳಬೇಕಾದದ್ದು ಬಹಳ ಇದೆ.

ಮೊದಲು ಆ ಬುದ್ಧಿಮಾತಿನ ವಿಚಾರ. ಹೊಡೆಯಬಾರದು, ಕದಿಯಬಾರದು, ಸುಳ್ಳು ಹೇಳಬಾರದು ಎನ್ನುವುದು ಹತ್ತು ವರ್ಷದ ಹುಡುಗನಿಗೆ ಗೊತ್ತಿಲ್ಲವೆ? ಚೆನ್ನಾಗಿ ಗೊತ್ತು. ನೀತಿಪಾಠದ ಪ್ರಶ್ನೆಗೆ ಸರಿಯುತ್ತರ ಬರೆದು ಪೂರ್ತಿ ಅಂಕವನ್ನೂ ತೆಗೆದುಕೊಳ್ಳುತ್ತಾನೆ. ಅವನಿಗೆ ಗೊತ್ತಿಲ್ಲದ್ದು ಬೇರೆ. ಸಿಟ್ಟು ನೆತ್ತಿಗೇರಿದ ಆ ಅರ್ಧ ನಿಮಿಷದಲ್ಲಿ ಎತ್ತಿದ ಕೈಯನ್ನು ಇಳಿಸುವುದು ಹೇಗೆ? ಬೇಕಾದ್ದನ್ನು ಕಿರುಚದೆ ಕೇಳುವುದು ಹೇಗೆ? ಕೇಳಿದ್ದು ಸಿಗದಿದ್ದಾಗ ಆ ಸಂಕಟವನ್ನು ನುಂಗಿಕೊಳ್ಳುವುದು ಹೇಗೆ? ಗೊತ್ತಿರುವುದನ್ನೇ ನೂರು ಸಲ ಹೇಳಿದರೆ ಇದೊಂದೂ ಬರುವುದಿಲ್ಲ. ಅಭ್ಯಾಸ ಮಾಡಿಸಬೇಕು. ಕೌನ್ಸೆಲಿಂಗಿನಲ್ಲಿ ನಡೆಯುವುದು ಆ ಅಭ್ಯಾಸ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಮಗುವಿಗಲ್ಲ, ಮನೆಯ ದೊಡ್ಡವರಿಗೆ.

"ದೊಡ್ಡವರಿಗಾ?" ಅಕ್ಕನ ಕೈ ನಿಂತಿತು.

ಅಲ್ಲಿಗೆ ಬರುತ್ತೇನೆ ಅಂದೆ. ಅದಕ್ಕೆ ಮೊದಲು ಇನ್ನೊಂದು ಇತ್ಯರ್ಥವಾಗಬೇಕು. ಮಕ್ಕಳೆಂದ ಮೇಲೆ ತುಂಟಾಟ ಇದ್ದದ್ದೇ. ಮೂರು ವರ್ಷದ ಮಗು ಅಂಗಡಿಯ ಮುಂದೆ ನೆಲಕ್ಕೆ ಬಿದ್ದು ಹೊರಳಾಡಿದರೆ ಅದಕ್ಕೆ ಚಿಕಿತ್ಸೆ ಬೇಕಿಲ್ಲ. ಹದಿನಾಲ್ಕರ ಹುಡುಗಿ ಅಮ್ಮನಿಗೆ ಎದುರು ಮಾತಾಡಿದರೆ ಅದೂ ಕಾಯಿಲೆಯಲ್ಲ. ಮನೋವೈದ್ಯರು ಬೇರೆ ಕೆಲವನ್ನು ನೋಡುತ್ತಾರೆ. ಸಿಟ್ಟು, ಮೊಂಡುತನ, ಎದುರಾಡುವುದು ಆರು ತಿಂಗಳಿಗೂ ಮೀರಿ ಬಿಡದೆ ನಡೆಯುತ್ತಿದೆಯೇ? ಮನೆ, ಶಾಲೆ, ಆಟದ ಬಯಲು ಎಲ್ಲ ಕಡೆಯೂ ಇದೆಯೇ, ಒಂದೇ ಕಡೆ ಮಾತ್ರವೇ? ಓದು, ಸ್ನೇಹ, ನಿದ್ದೆ ಕೆಡುತ್ತಿವೆಯೇ? ಇನ್ನೂ ತೀವ್ರವಾದದ್ದಕ್ಕೆ ಅವರು ಕಂಡಕ್ಟ್ ಡಿಸಾರ್ಡರ್ ಎನ್ನುತ್ತಾರೆ. ಜನರ ಮೇಲೆ, ಪ್ರಾಣಿಗಳ ಮೇಲೆ ಕ್ರೌರ್ಯ, ವಸ್ತುಗಳನ್ನು ಬೇಕೆಂದೇ ಹಾಳುಮಾಡುವುದು, ಕಳವು, ವಂಚನೆ, ಮನೆ ಬಿಟ್ಟು ಓಡಿಹೋಗುವುದು, ಶಾಲೆ ತಪ್ಪಿಸುವುದು ಇವುಗಳಲ್ಲಿ ಹಲವು ಸೇರಿ ವರ್ಷವಿಡೀ ನಡೆಯುತ್ತಿದ್ದರೆ ಮಾತ್ರ ಆ ಹೆಸರು. ಒಂದು ದಿನ ಪೆನ್ಸಿಲ್ ಕದ್ದವನಿಗೆ ಅದನ್ನು ಅಂಟಿಸುವ ಹಕ್ಕು ಯಾರಿಗೂ ಇಲ್ಲ.

ಇಂಥ ಮಕ್ಕಳಿರುವ ಮನೆಗಳು ಒಂದೆರಡಲ್ಲ. ನಿಮ್ಹಾನ್ಸ್‌ನ ಮಕ್ಕಳ ಮನೋವೈದ್ಯೆ ಶೋಭಾ ಶ್ರೀನಾಥ್ ಮತ್ತು ಅವರ ಸಂಗಡಿಗರು ಬೆಂಗಳೂರಿನ ಬಡಾವಣೆ, ಕೊಳೆಗೇರಿ ಮತ್ತು ಸುತ್ತಲ ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ 16 ವರ್ಷದವರೆಗಿನ ಮಕ್ಕಳನ್ನು ಪರೀಕ್ಷಿಸಿದ್ದರು. 2005ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ನೂರಕ್ಕೆ 12.5ರಷ್ಟು ಮಕ್ಕಳಲ್ಲಿ ಒಂದಲ್ಲ ಒಂದು ಮನಸ್ಸಿನ ಅಥವಾ ನಡವಳಿಕೆಯ ತೊಂದರೆ ಕಂಡಿತು. ಹಾಸಿಗೆ ಒದ್ದೆ ಮಾಡುವುದು, ಅತಿಯಾದ ಭಯ ಮುಂತಾದ ಎಲ್ಲವೂ ಆ ಲೆಕ್ಕದಲ್ಲಿ ಸೇರಿವೆ, ನಿಜ. ಆದರೂ ನಲವತ್ತು ಮಕ್ಕಳ ತರಗತಿಯಲ್ಲಿ ನಾಲ್ಕೈದು ಮಕ್ಕಳು ಎಂದಾಯಿತಲ್ಲ. ನನ್ನ ತರಗತಿಗಳನ್ನು ನೆನೆದುಕೊಂಡರೆ ಆ ಲೆಕ್ಕ ನಂಬಲಾಗದ್ದು ಅನ್ನಿಸುವುದಿಲ್ಲ.

"ಸರಿ, ಕರ್ಕೊಂಡು ಹೋದ್ರು ಅಂತಿಟ್ಕೊಳ್ಳಿ. ಅಲ್ಲಿ ಏನ್ಮಾಡ್ತಾರೆ?" ಅಕ್ಕ ನೇರವಾಗಿ ಕೇಳಿದರು.

ಮೊದಲ ಭೇಟಿಯಲ್ಲಿ ಯಾರೂ ಉಪದೇಶ ಮಾಡುವುದಿಲ್ಲ. ಕೇಳುತ್ತಾರೆ. ಬಸಿರು, ಬಾಣಂತನ ಹೇಗಾಯಿತು, ಮಾತು ಯಾವಾಗ ಬಂತು, ಫಿಟ್ಸ್ ಬಂದಿತ್ತೇ, ತಲೆಗೆ ಪೆಟ್ಟು ಬಿದ್ದಿತ್ತೇ, ರಾತ್ರಿ ಎಷ್ಟು ನಿದ್ದೆ ಮಾಡುತ್ತಾನೆ, ಮನೆಯಲ್ಲಿ ಯಾರ್‍ಯಾರಿದ್ದಾರೆ, ಯಾರಿಗೆ ಕುಡಿತ, ಯಾರಿಗೆ ಯಾರ ಜೊತೆ ಮಾತಿಲ್ಲ. ಈ ರಂಪ ಯಾವಾಗ ಶುರುವಾಯಿತು, ಆಗ ಮನೆಯಲ್ಲಿ ಏನು ನಡೆದಿತ್ತು. ಶಾಲೆಯಿಂದಲೂ ಮಾಹಿತಿ ತರಿಸುತ್ತಾರೆ. ಮಗುವಿನ ಜೊತೆ ಬೇರೆಯಾಗಿ ಕೂರುತ್ತಾರೆ. ಚಿಕ್ಕ ಮಗುವಾದರೆ ಗೊಂಬೆ, ಬಣ್ಣದ ಪೆನ್ಸಿಲ್, ಮಣ್ಣಿನ ಉಂಡೆ ಕೊಡುತ್ತಾರೆ. ಬಾಯಿಬಿಟ್ಟು ಹೇಳಲಾಗದ್ದನ್ನು ಮಕ್ಕಳು ಆಟದಲ್ಲಿ ತೋರಿಸುತ್ತಾರೆ.

ಹೀಗೆ ಕೇಳುತ್ತಾ ಹೋದಾಗ ಎಷ್ಟೋ ಸಲ ಬೇರೆಯೇ ಸಂಗತಿ ಹೊರಬೀಳುತ್ತದೆ. ಜ್ವರ ಬಂದಾಗ ವೈದ್ಯರು ಒಳಗೆ ಎಲ್ಲಿ ಸೋಂಕಿದೆ ಎಂದು ಹುಡುಕುವಂತೆ, ಮಗುವಿನ ಸಿಟ್ಟಿನ ಹಿಂದೆ ಏನಿದೆ ಎಂದು ಇವರು ಹುಡುಕುತ್ತಾರೆ. ಒಬ್ಬನಿಗೆ ಕಿವಿ ಮಂದವಿರುತ್ತದೆ, ಹೇಳಿದ್ದು ಕೇಳಿಸದಿರುವುದೇ ಉದ್ಧಟತನವೆನಿಸಿಕೊಂಡಿರುತ್ತದೆ. ಇನ್ನೊಬ್ಬನಿಗೆ ಅಕ್ಷರ ಕೂಡಿಸಿ ಓದುವ ತೊಂದರೆ, ಅಂದರೆ ಡಿಸ್‌ಲೆಕ್ಸಿಯಾ. ಎದ್ದು ನಿಂತು ಓದು ಎಂದಾಗ ಎಲ್ಲರೆದುರು ತಡವರಿಸುವುದಕ್ಕಿಂತ ಬೆಂಚು ಒದ್ದು ತರಗತಿಯಿಂದ ಹೊರಗೆ ಹಾಕಿಸಿಕೊಳ್ಳುವುದು ಅವನಿಗೆ ಮೇಲು. ಕೆಲವರಿಗೆ ಎಡಿಎಚ್‌ಡಿ, ಒಂದು ಕಡೆ ಕೂರಲಾಗದ, ಯೋಚಿಸುವ ಮೊದಲೇ ಕೈಕಾಲು ಓಡುವ ಸ್ಥಿತಿ. ಅದಕ್ಕೆ ಔಷಧಿ ನೆರವಾಗುವುದುಂಟು. ಅಜ್ಜಿಯ ಮನೆಯಲ್ಲಿ ಬೆಳೆದು ಇದ್ದಕ್ಕಿದ್ದಂತೆ ಊರಿಗೆ ಬಂದ ಮಗು, ಕನ್ನಡ ಶಾಲೆಯಿಂದ ಇಂಗ್ಲಿಷ್ ಶಾಲೆಗೆ ಬಂದು ಏನೂ ಅರ್ಥವಾಗದೆ ಕೂತ ಮಗು, ರಾತ್ರಿಯೆಲ್ಲ ಅಪ್ಪ ಅಮ್ಮನ ಜಗಳ ಕೇಳಿಸಿಕೊಂಡು ಬೆಳಿಗ್ಗೆ ಶಾಲೆಗೆ ಬಂದ ಮಗು. ಕೆಲವೊಮ್ಮೆ ಯಾರೋ ದೊಡ್ಡವರು ಮಗುವನ್ನು ಮುಟ್ಟಬಾರದ ಕಡೆ ಮುಟ್ಟಿರುತ್ತಾರೆ. ಅಂಥದ್ದು ತಿಳಿದುಬಂದರೆ 2012ರ ಪೋಕ್ಸೋ ಕಾಯ್ದೆಯ ಪ್ರಕಾರ ತಿಳಿದವರು ದೂರು ಕೊಡಲೇಬೇಕು. ಈ ಎಲ್ಲ ಮಕ್ಕಳಿಗೂ ಬೀದಿಯಲ್ಲಿ ನಾವು ಕೊಡುವ ಹೆಸರು ಒಂದೇ: ಪೋಲಿ.

ಕಾರಣ ಹುಡುಕುವ ಈ ಪದ್ಧತಿಗೆ ನೂರು ವರ್ಷ ಮೀರಿದ ಇತಿಹಾಸವಿದೆ. ಅಮೆರಿಕದ ಶಿಕಾಗೋದಲ್ಲಿ 1899ರಲ್ಲಿ ಮಕ್ಕಳಿಗೆಂದೇ ನ್ಯಾಯಾಲಯ ತೆರೆದರು. ಅದೇ ಮಕ್ಕಳು ಮತ್ತೆ ಮತ್ತೆ ಕಟಕಟೆಗೆ ಬರುವುದನ್ನು ಕಂಡು, 1909ರಲ್ಲಿ ವಿಲಿಯಂ ಹೀಲಿ ಎಂಬ ವೈದ್ಯರ ನೇತೃತ್ವದಲ್ಲಿ ಅಂಥ ಮಕ್ಕಳ ಅಧ್ಯಯನಕ್ಕೆ ಒಂದು ಚಿಕಿತ್ಸಾಲಯ ಆರಂಭಿಸಿದರು. ಹೀಲಿ ಒಂದೊಂದು ಮಗುವಿನ ಕಥೆಯನ್ನೂ ಬಿಡಿಬಿಡಿಯಾಗಿ ಬರೆದಿಟ್ಟರು. ಎಲ್ಲ ಮಕ್ಕಳಿಗೂ ಹೊಂದುವ ಒಂದೇ ಕಾರಣ ಇಲ್ಲ ಎಂದು ಅವರು ಆಗಲೇ ಹೇಳಿದ್ದರು.

ಈಗ ದೊಡ್ಡವರ ವಿಷಯಕ್ಕೆ ಬರುತ್ತೇನೆ. ನನ್ನ ಮಟ್ಟಿಗೆ ಇಡೀ ಮಾತಿನ ಜೀವಾಳವಿರುವುದು ಇಲ್ಲೇ. ಅಮೆರಿಕದ ಒರೆಗಾನ್‌ನಲ್ಲಿ ಜೆರಾಲ್ಡ್ ಪ್ಯಾಟರ್‌ಸನ್ ಎಂಬ ಮನಶ್ಶಾಸ್ತ್ರಜ್ಞರಿದ್ದರು. ಅವರೂ ಅವರ ಸಂಗಡಿಗರೂ ಮಕ್ಕಳು ಆಸ್ಪತ್ರೆಗೆ ಬರಲಿ ಎಂದು ಕಾಯಲಿಲ್ಲ. ಇಂಥ ಮಕ್ಕಳಿರುವ ಮನೆಗಳಿಗೇ ಹೋಗಿ ಮೂಲೆಯಲ್ಲಿ ಕೂತರು. ಯಾರು ಏನು ಅಂದರು, ಅದಕ್ಕೆ ಯಾರು ಏನು ಮಾಡಿದರು ಎಂದು ಕೆಲವು ಸೆಕೆಂಡಿಗೊಮ್ಮೆ ಗುರುತು ಹಾಕಿಕೊಂಡರು. ಹೀಗೆ ವರ್ಷಗಟ್ಟಲೆ ನೋಡಿದ್ದನ್ನು ಅವರು 1982ರಲ್ಲಿ ಪುಸ್ತಕವಾಗಿ ತಂದರು. ಅವರು ಕಂಡುಕೊಂಡದ್ದು ನಮ್ಮ ಮನೆಗಳಲ್ಲೂ ದಿನಾ ನಡೆಯುವಂಥದ್ದು.

ಅಕ್ಕನಿಗೆ ಬಿಡಿಸಿ ಹೇಳಿದೆ. ಅಮ್ಮ ಮೊಬೈಲ್ ಕೊಡು ಅನ್ನುತ್ತಾಳೆ. ಹುಡುಗ ಕೊಡುವುದಿಲ್ಲ. ಅಮ್ಮ ದನಿ ಏರಿಸುತ್ತಾಳೆ, ಅವನು ಕಿರುಚುತ್ತಾನೆ. ಅವಳು ಕಿತ್ತುಕೊಳ್ಳಲು ಹೋಗುತ್ತಾಳೆ, ಅವನು ತಟ್ಟೆ ಎಸೆಯುತ್ತಾನೆ. ಒಲೆಯ ಮೇಲೆ ಸಾರು ಉಕ್ಕುತ್ತಿದೆ, ಒಳಗೆ ಮಾವನವರು ಗದ್ದಲವೇನು ಎನ್ನುತ್ತಿದ್ದಾರೆ. "ಹಾಳಾಗ್ ಹೋಗು, ಇಟ್ಕೋ" ಎಂದು ಅಮ್ಮ ಬಿಟ್ಟುಬಿಡುತ್ತಾಳೆ. ತಕ್ಷಣ ಮನೆ ತಣ್ಣಗಾಗುತ್ತದೆ. ಆ ಒಂದು ಕ್ಷಣದಲ್ಲಿ ಇಬ್ಬರೂ ಒಂದೊಂದು ಪಾಠ ಕಲಿತರು. ತಟ್ಟೆ ಎಸೆದರೆ ಬೇಕಾದ್ದು ಉಳಿಯುತ್ತದೆ ಎಂದು ಅವನು ಕಲಿತ. ಬಿಟ್ಟುಕೊಟ್ಟರೆ ಗಲಾಟೆ ನಿಲ್ಲುತ್ತದೆ ಎಂದು ಅವಳು ಕಲಿತಳು. ಮರುದಿನ ಜಗಳ ಕಿರುಚಾಟದಿಂದ ಆರಂಭವಾಗುವುದಿಲ್ಲ, ನೇರವಾಗಿ ತಟ್ಟೆಯಿಂದಲೇ ಆರಂಭವಾಗುತ್ತದೆ. ಕೆಲವು ಸಲ ಅಮ್ಮ ಗೆಲ್ಲುತ್ತಾಳೆ, ಆದರೆ ಬಾಸುಂಡೆ ಬರುವಂತೆ ಬಾರಿಸಿದ ಮೇಲೆ. ಆಗ ಜೋರು ಯಾರದ್ದೋ ಗೆಲುವು ಅವರದ್ದು ಎಂಬುದನ್ನೇ ಹುಡುಗ ಮತ್ತೊಮ್ಮೆ ಕಲಿಯುತ್ತಾನೆ. ಯಾರೂ ಕೆಟ್ಟವರಲ್ಲ. ಸುಸ್ತಾದ ತಾಯಿ, ಬೇರೆ ದಾರಿ ತಿಳಿಯದ ಮಗು. ಇಬ್ಬರೂ ಒಂದೇ ಬಲೆಯಲ್ಲಿ ಸಿಕ್ಕಿಕೊಂಡಿದ್ದಾರೆ.

"ಅಯ್ಯೋ, ಇದು ಎಲ್ಲಾರ ಮನೇಲೂ ನಡೆಯೋದೇ" ಅಂದರು ಅಕ್ಕ.

ನಡೆಯುತ್ತದೆ. ದಿನಕ್ಕೊಮ್ಮೆ ನಡೆದರೆ ಮಕ್ಕಳು ಹೇಗೋ ದಾಟಿಕೊಳ್ಳುತ್ತಾರೆ. ಎದ್ದಾಗಿನಿಂದ ಮಲಗುವವರೆಗೆ ಇದೇ ಆದರೆ, ಜಗಳ ಬಿಟ್ಟರೆ ಮಗುವಿಗೂ ತಾಯಿಗೂ ಬೇರೆ ಮಾತೇ ಉಳಿಯದಂತಾದರೆ ಆಗ ಹೊರಗಿನವರ ಸಹಾಯ ಬೇಕು. ಒಳ್ಳೆಯ ಕೌನ್ಸೆಲರ್ ಆಗ ತಾಯಿಯನ್ನು ದೂರುವುದಿಲ್ಲ. ಆ ಬಲೆಯನ್ನು ಒಂದೊಂದೇ ಗಂಟು ಬಿಚ್ಚಿ ತೋರಿಸುತ್ತಾರೆ.

ಅವರು ಕಲಿಸುವ ಮೊದಲ ಪಾಠ ಶಿಸ್ತಿಗೆ ಸಂಬಂಧಿಸಿದ್ದೇ ಅಲ್ಲ. ದಿನಕ್ಕೆ ಹತ್ತು ಹದಿನೈದು ನಿಮಿಷ ಮಗುವಿನ ಜೊತೆ ಅದಕ್ಕೆ ಬೇಕಾದ ಆಟ ಆಡಿ ಎನ್ನುತ್ತಾರೆ. ಆ ಹೊತ್ತಿನಲ್ಲಿ ಪ್ರಶ್ನೆ ಇಲ್ಲ, ತಿದ್ದುವುದಿಲ್ಲ, ಎಬಿಸಿಡಿ ಹೇಳಿಸುವುದಿಲ್ಲ. ಅವನು ಮಣ್ಣಲ್ಲಿ ಗುಂಡಿ ತೋಡಿದರೆ ನೀವೂ ತೋಡಿ. ಹೊತ್ತು ಹುಟ್ಟಿದರೆ ಬೈಗುಳವನ್ನೇ ಕೇಳಿದ ಮಗುವಿಗೆ, ನನ್ನ ಜೊತೆ ಇರುವುದು ಅಮ್ಮನಿಗೆ ಇಷ್ಟ ಎಂಬ ಭಾವನೆ ಬರಬೇಕು. ಅದು ಬಂದ ಮೇಲೆಯೇ ನಮ್ಮ ಮಾತಿಗೆ ತೂಕ.

ಎರಡನೆಯದು ಒಳ್ಳೆಯದನ್ನು ಗಮನಿಸುವುದು. ಸುಮ್ಮನೆ ಕೂತು ಊಟ ಮಾಡುವ ಮಗುವನ್ನು ಯಾರೂ ನೋಡುವುದಿಲ್ಲ, ಅನ್ನ ಚೆಲ್ಲಿದಾಗ ಮನೆಮಂದಿಯೆಲ್ಲ ತಿರುಗುತ್ತಾರೆ. ಗಮನ ಸಿಗುವುದು ಚೆಲ್ಲಿದರೆ ಮಾತ್ರ ಎಂದಾದರೆ ಮಗು ಏನು ಮಾಡಬೇಕು? ಆದ್ದರಿಂದ ಅದು ಚೆನ್ನಾಗಿ ನಡೆದುಕೊಂಡ ತಕ್ಷಣ ಮಾಡಿದ್ದನ್ನು ಹೆಸರಿಸಿ ಹೇಳಬೇಕು. ಬರೀ ಜಾಣ ಎಂದರೆ ಸಾಲದು. "ತಂಗಿ ನಿನ್ನ ಆಟದ ಸಾಮಾನು ತಗೊಂಡ್ರೂ ಕೈ ಮಾಡ್ದೆ ನನ್ ಹತ್ರ ಬಂದು ಹೇಳ್ದೆಯಲ್ಲ, ತುಂಬಾ ಚೆನ್ನಾಗಿ ಮಾಡ್ದೆ" ಅನ್ನಬೇಕು. ಮೂರನೆಯದು, ಒಂದು ಸಲಕ್ಕೆ ಒಂದೇ ಮಾತು, ಹತ್ತಿರ ಹೋಗಿ, ಕಣ್ಣು ನೋಡಿ. ಅಡುಗೆಮನೆಯಿಂದ ಕೂಗಿದ ಐದು ಆಜ್ಞೆಗಳಲ್ಲಿ ಒಂದೂ ಮಗುವಿಗೆ ತಲುಪುವುದಿಲ್ಲ. ನಾಲ್ಕನೆಯದು, ತಪ್ಪಿಗೆ ಚಿಕ್ಕ ಫಲ, ಆದರೆ ತಕ್ಷಣ, ಮತ್ತು ಪ್ರತಿ ಸಲವೂ. ಇವತ್ತು ಟಿವಿ ಅರ್ಧ ಗಂಟೆ ಕಡಿಮೆ ಎಂದರೆ ಕಡಿಮೆಯೇ. ಒಂದು ತಿಂಗಳು ಆಟವೇ ಇಲ್ಲ ಎಂದು ಗುಡುಗಿ ಸಂಜೆಗೆ ಬಿಟ್ಟುಕೊಟ್ಟರೆ, ನಮ್ಮ ಮಾತಿಗೆ ಬೆಲೆ ಇಲ್ಲವೆಂದು ನಾವೇ ಕಲಿಸಿದಂತೆ.

ಕೇಳಲು ಇವೆಲ್ಲ ಬಹಳ ಸುಲಭ. ಮಾಡುವಾಗ ಮಾತ್ರ ಹಳೆಯ ರೂಢಿಯೇ ಬಾಯಿಗೆ ಬರುತ್ತದೆ. ಅದಕ್ಕೇ 1970ರ ದಶಕದಲ್ಲಿ ಶೀಲಾ ಐಬರ್ಗ್ ಎಂಬ ಮನಶ್ಶಾಸ್ತ್ರಜ್ಞೆ ಒಂದು ಕ್ರಮ ರೂಪಿಸಿದರು. ತಾಯಿಯೋ ತಂದೆಯೋ ಮಗುವಿನ ಜೊತೆ ಕೋಣೆಯಲ್ಲಿ ಆಡುತ್ತಿರುತ್ತಾರೆ. ಚಿಕಿತ್ಸಕರು ಒಂದು ಕಡೆಯಿಂದ ಮಾತ್ರ ಕಾಣುವ ಗಾಜಿನ ಹಿಂದೆ ಕೂತು, ಪೋಷಕರ ಕಿವಿಯಲ್ಲಿಟ್ಟ ಪುಟ್ಟ ಸಾಧನದ ಮೂಲಕ ಆಗಿಂದಾಗ್ಗೆ ಹೇಳಿಕೊಡುತ್ತಾರೆ: ಈಗ ಹೊಗಳಿ, ಈಗ ಸುಮ್ಮನಿರಿ, ಈಗ ಆ ಮಾತನ್ನೇ ಇನ್ನೊಮ್ಮೆ ಶಾಂತವಾಗಿ ಹೇಳಿ. ಆ ಚಿಕಿತ್ಸೆ ಇಂದಿಗೂ ಬಳಕೆಯಲ್ಲಿದೆ, ಚಿಕ್ಕ ಮಕ್ಕಳಲ್ಲಿ ಅದರಿಂದ ಒಳ್ಳೆಯ ಫಲ ಬಂದಿರುವುದನ್ನು ಹಲವು ಅಧ್ಯಯನಗಳು ತೋರಿಸಿವೆ.

ಇಲ್ಲೊಂದು ಎಚ್ಚರಿಕೆಯನ್ನೂ ಹೇಳಬೇಕು. ಹಠಕ್ಕೆ ಮಣಿಯುವುದನ್ನು ಮನೆಯವರು ನಿಲ್ಲಿಸಿದ ಮೊದಲ ದಿನಗಳಲ್ಲಿ ಹಠ ಇಳಿಯುವುದಿಲ್ಲ, ಏರುತ್ತದೆ. ಇಷ್ಟು ದಿನ ಕೆಲಸಕ್ಕೆ ಬಂದ ಉಪಾಯ ಈಗ ಬಾರದಿದ್ದಾಗ ಮಗು ಅದನ್ನೇ ಇನ್ನಷ್ಟು ಜೋರಾಗಿ ಮಾಡಿ ನೋಡುತ್ತದೆ. "ಕೌನ್ಸೆಲಿಂಗಿಗೆ ಹೋದ ಮೇಲೆ ಇನ್ನೂ ಕೆಟ್ಟ" ಎಂದು ಎಷ್ಟೋ ಮನೆಯವರು ಬಿಟ್ಟುಬಿಡುವುದು ಇದೇ ಹಂತದಲ್ಲಿ. ಅಲ್ಲಿ ಅಜ್ಜಿ ಕನಿಕರದಿಂದ ಸೆರಗಿನ ಮರೆಯಲ್ಲಿ ಮೊಬೈಲ್ ಕೊಟ್ಟರಂತೂ ತಾಯಿ ಪಟ್ಟ ಪಾಡೆಲ್ಲ ನೀರುಪಾಲು. ಕೂಡುಕುಟುಂಬದಲ್ಲಿ ಎಲ್ಲರೂ ಒಂದೇ ನಿಯಮಕ್ಕೆ ನಿಲ್ಲಬೇಕು. ನಿಮ್ಹಾನ್ಸ್‌ನ ಮಕ್ಕಳ ವಾರ್ಡಿನಲ್ಲಿ ಮಗುವಿನ ಜೊತೆ ಮನೆಯವರೂ ಉಳಿಯಬೇಕೆಂಬ ಏರ್ಪಾಡು ಇರುವುದು ನನಗೆ ಬಹಳ ಸರಿಯೆನಿಸುತ್ತದೆ. ಮಗುವನ್ನು ಬಿಟ್ಟು ಬಂದು, ರಿಪೇರಿಯಾದ ಮೇಲೆ ಮನೆಗೆ ತರುವ ವ್ಯವಹಾರ ಇದಲ್ಲ.

"ಹಾಗಾದ್ರೆ ಹುಡುಗನಿಗೆ ಏನೂ ಹೇಳೋದೇ ಇಲ್ವಾ?"

ಹೇಳುತ್ತಾರೆ, ಅದಕ್ಕಿಂತ ಹೆಚ್ಚಾಗಿ ಮಾಡಿಸುತ್ತಾರೆ. ಕೆನೆತ್ ಡಾಜ್ ಎಂಬ ಮನಶ್ಶಾಸ್ತ್ರಜ್ಞರು 1980ರಲ್ಲಿ ಒಂದು ಪ್ರಯೋಗವನ್ನು ಪ್ರಕಟಿಸಿದರು. ಹುಡುಗ ಜೋಡಿಸುತ್ತಿದ್ದ ಚಿತ್ರವನ್ನು ಇನ್ನೊಬ್ಬ ಕೆಡಿಸಿದನೆಂದು ಅವನಿಗೆ ತಿಳಿಸಲಾಗುತ್ತದೆ. ಬೇಕೆಂದೇ ಕೆಡಿಸಿದ ಎಂದು ಗೊತ್ತಾದಾಗ ಜಗಳಗಂಟ ಹುಡುಗರಿಗೂ ಉಳಿದವರಿಗೂ ಸಿಟ್ಟು ಬಂತು. ಒಳ್ಳೆಯ ಉದ್ದೇಶದಿಂದ ಹಾಗಾಯಿತು ಎಂದು ಗೊತ್ತಾದಾಗ ಇಬ್ಬರೂ ತಡೆದುಕೊಂಡರು. ವ್ಯತ್ಯಾಸ ಕಂಡದ್ದು ಉದ್ದೇಶ ಏನೆಂದು ಸ್ಪಷ್ಟವಿಲ್ಲದಿದ್ದಾಗ. ಆಗ ಜಗಳಗಂಟ ಹುಡುಗರು, ಅವನು ಬೇಕೆಂದೇ ಮಾಡಿದ ಎಂದೇ ತೀರ್ಮಾನಿಸಿದಂತೆ ನಡೆದುಕೊಂಡರು. ನಮ್ಮ ತರಗತಿಗಳಲ್ಲಿ ಇದನ್ನು ಎಷ್ಟು ಸಲ ನೋಡಿದ್ದೇನೆ! ಸಾಲಿನಲ್ಲಿ ಭುಜ ತಾಗುತ್ತದೆ, "ನನ್ನ ತಳ್ಳಿದ ಮಿಸ್" ಎಂದು ಗುದ್ದು ಬೀಳುತ್ತದೆ. ಆ ಹುಡುಗ ಸುಳ್ಳು ಹೇಳುತ್ತಿಲ್ಲ. ಅವನಿಗೆ ಜಗತ್ತು ಹಾಗೆಯೇ ಕಾಣುತ್ತದೆ. ಮನೆಯಲ್ಲಿ ಯಾವ ಕೈ ಎತ್ತಿದರೂ ಅದು ಹೊಡೆಯಲಿಕ್ಕೇ ಎಂದು ಕಂಡುಕೊಂಡವನಿಗೆ ಬೇರೆ ಹೇಗೆ ಕಾಣಬೇಕು?

ಕೌನ್ಸೆಲರ್ ಆ ಹುಡುಗನ ಜೊತೆ ಇಂಥ ಸಂದರ್ಭಗಳನ್ನೇ ಆಟವಾಗಿ ಆಡಿಸುತ್ತಾರೆ. ಭುಜ ತಾಗಿತು. ಏನೇನು ಕಾರಣ ಇರಬಹುದು? ಹಿಂದಿನವನು ಅವನನ್ನು ತಳ್ಳಿರಬಹುದೇ? ಈಗ ನಿನ್ನ ಮೈಯಲ್ಲಿ ಏನಾಗುತ್ತಿದೆ, ಕಿವಿ ಬಿಸಿಯಾಯಿತೇ, ಮುಷ್ಟಿ ಬಿಗಿಯಾಯಿತೇ? ಬಿಗಿಯಾದ ಕೂಡಲೇ ಏನು ಮಾಡುತ್ತೀ? ಉಸಿರು ಎಳೆದು ಬಿಡು, ಎರಡು ಹೆಜ್ಜೆ ಹಿಂದೆ ಸರಿ, ಏನಾಯಿತೆಂದು ಕೇಳು. ಮುಂದೇನು ಮಾಡಬಹುದು, ಒಂದೊಂದರಿಂದ ಏನಾಗುತ್ತದೆ, ನೀನೇ ಹೇಳು. ಇದನ್ನು ವಾರ ವಾರವೂ ಮಾಡಿಸಿ, ಶಾಲೆಯಲ್ಲಿ ನಿಜವಾಗಿ ಒಮ್ಮೆ ಮಾಡಿ ಬಂದು ಹೇಳು ಎಂದು ಕೆಲಸ ಕೊಡುತ್ತಾರೆ. ಮೂರು ನಾಲ್ಕು ತಿಂಗಳು ಹೀಗೆ ನಡೆದರೆ, ಗುದ್ದುವ ಮುಂಚೆ ಒಂದು ಕ್ಷಣ ನಿಲ್ಲುವುದು ಅಭ್ಯಾಸವಾಗತೊಡಗುತ್ತದೆ. ಆ ಒಂದು ಕ್ಷಣ ಸಿಕ್ಕರೆ ಆ ಮಗುವಿನ ಬಾಳು ಬೇರೆ ಕಡೆ ತಿರುಗುತ್ತದೆ ಎಂದು ನಾನು ನಂಬಿದ್ದೇನೆ.

ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ಮ ಕಾಲದಲ್ಲಿ ದಂಡಂ ದಶಗುಣಂ ಅಂತಿದ್ರು. ಎರಡು ಬಿಟ್ರೆ ಸರಿಹೋಗ್ತಿತ್ತು" ಅಂದರು.

ಸರಿಹೋಗುತ್ತಿರಲಿಲ್ಲ ಅಕ್ಕಾ, ಆ ಹೊತ್ತಿಗೆ ನಿಲ್ಲುತ್ತಿತ್ತು. ಹೊಡೆದ ಕೂಡಲೇ ಗಲಾಟೆ ನಿಲ್ಲುವುದರಿಂದಲೇ ಹೊಡೆಯುವುದು ಫಲಕಾರಿ ಎಂದು ದೊಡ್ಡವರಿಗೆ ಅನ್ನಿಸುತ್ತದೆ. ಶಾಲೆಯಲ್ಲಂತೂ 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಕಾನೂನಿನ ಮಾತು ಬದಿಗಿಡೋಣ. ಮೊದಲ ಮಹಾಯುದ್ಧ ಮುಗಿದ ಹೊಸತರಲ್ಲಿ ಆಸ್ಟ್ರಿಯಾದ ಓಬರ್‌ಹೊಲ್ಲಾಬ್ರುನ್ ಎಂಬಲ್ಲಿ ಆಗಸ್ಟ್ ಐಖ್‌ಹಾರ್ನ್ ಎಂಬ ಶಿಕ್ಷಕರು ದಾರಿ ತಪ್ಪಿದ ಮಕ್ಕಳ ವಸತಿಗೃಹ ನಡೆಸುತ್ತಿದ್ದರು. ಅಲ್ಲಿ ಹೊಡೆದಾಡುವವರದ್ದೇ ಒಂದು ಗುಂಪಿತ್ತು. ಯಾವ ಗುಂಪಿಗೂ ಒಗ್ಗದ, ಕುರ್ಚಿ ಮೇಜು ಕಿಟಕಿಗಳನ್ನು ಪುಡಿ ಮಾಡುವ ಹನ್ನೆರಡು ಹುಡುಗರು. ಅವರಿಗೆ ತಿರುಗಿ ಹೊಡೆಯಬಾರದು, ಸಿಟ್ಟಿಗೆ ಸಿಟ್ಟು ತೋರಬಾರದು ಎಂದು ಐಖ್‌ಹಾರ್ನ್ ಸಿಬ್ಬಂದಿಗೆ ಹೇಳಿದ್ದರು. ಹುಡುಗರ ಉಪಟಳ ಮೊದಲು ಮಿತಿಮೀರಿ ಏರಿತು. ಆಮೇಲೆ ಅದೇ ಹುಡುಗರು ಅಳತೊಡಗಿದರು. ನಿಧಾನವಾಗಿ ತಮ್ಮನ್ನು ನೋಡಿಕೊಳ್ಳುವವರಿಗೆ ಅಂಟಿಕೊಂಡರು. ಅವರ ಹಿನ್ನೆಲೆ ಕೆದಕಿದಾಗ ಕಂಡದ್ದು, ಅವರೆಲ್ಲ ಪ್ರೀತಿ ಕಾಣದೆ, ಕ್ರೂರವಾಗಿ ಹೊಡೆಸಿಕೊಂಡೇ ಬೆಳೆದವರು ಎಂಬುದು. ಐಖ್‌ಹಾರ್ನ್ 1925ರಲ್ಲಿ ಈ ಅನುಭವಗಳ ಪುಸ್ತಕ ತಂದಾಗ ಸಿಗ್ಮಂಡ್ ಫ್ರಾಯ್ಡ್ ಅದಕ್ಕೆ ಮುನ್ನುಡಿ ಬರೆದರು. ಇಂದಿನ ಚಿಕಿತ್ಸೆಯ ವಿಧಾನಗಳು ಐಖ್‌ಹಾರ್ನ್ ಅವರಿಗೆ ಗೊತ್ತಿರಲಿಲ್ಲ. ಆದರೆ ಏಟನ್ನೇ ಉಂಡವನಿಗೆ ಇನ್ನೊಂದು ಏಟು ಹೊಸದೇನನ್ನೂ ಕಲಿಸದು ಎಂಬುದನ್ನು ಅವರು ಕಣ್ಣಾರೆ ಕಂಡಿದ್ದರು.

ಹೆದರಿಸುವುದೂ ಅಷ್ಟೆ. ಅಮೆರಿಕದಲ್ಲಿ 1970ರ ದಶಕದಿಂದ ಪುಂಡ ಹುಡುಗರನ್ನು ಜೈಲಿನೊಳಗೆ ಕರೆದುಕೊಂಡು ಹೋಗಿ ಕೈದಿಗಳಿಂದ ಬೈಸಿ ಹೆದರಿಸುವ ಕಾರ್ಯಕ್ರಮಗಳು ನಡೆದವು. ಮುಂದೆ ಹೋಲಿಸಿ ನೋಡಿದರೆ, ಹಾಗೆ ಹೋಗಿ ಬಂದ ಹುಡುಗರು ಹೋಗದವರಿಗಿಂತ ಹೆಚ್ಚು ಅಪರಾಧ ಮಾಡಿದ್ದರು. ಪೊಲೀಸರಿಗೆ ಹಿಡಿದುಕೊಡುತ್ತೇನೆ, ಹಾಸ್ಟೆಲಿಗೆ ಹಾಕುತ್ತೇನೆ ಎನ್ನುವ ನಮ್ಮ ಮಾತುಗಳೂ ಮಗುವಿಗೆ ಹೇಳುವುದು ಒಂದನ್ನೇ: ನೀನು ನಮಗೆ ಬೇಡ. ಇಂಥ ಹುಡುಗರನ್ನೆಲ್ಲ ಒಂದೇ ಕಡೆ ಕೂಡಿಹಾಕಿದರೆ ಒಬ್ಬರಿಂದೊಬ್ಬರು ಕೆಟ್ಟದ್ದು ಕಲಿಯುವ ಅಪಾಯವನ್ನೂ ಸಂಶೋಧಕರು ಗುರುತಿಸಿದ್ದಾರೆ. ಅದಕ್ಕೇ ದೊಡ್ಡ ಹುಡುಗರ ಚಿಕಿತ್ಸೆಯಲ್ಲಿ ಅವರನ್ನು ಮನೆಯಲ್ಲೇ ಇಟ್ಟುಕೊಂಡು, ಚಿಕಿತ್ಸಕರೇ ಮನೆ, ಶಾಲೆ, ಗೆಳೆಯರ ಬಳಗ ಎಲ್ಲದರ ಜೊತೆ ಕೆಲಸ ಮಾಡುವ ಪದ್ಧತಿಯನ್ನು ಸ್ಕಾಟ್ ಹೆಂಗ್ಲರ್ ಎಂಬ ಮನಶ್ಶಾಸ್ತ್ರಜ್ಞರು ಮತ್ತು ಅವರ ಸಂಗಡಿಗರು ಬೆಳೆಸಿದರು. ನಮ್ಮ 2015ರ ಬಾಲನ್ಯಾಯ ಕಾಯ್ದೆಯಲ್ಲೂ ಈ ವಿವೇಕ ಇದೆ. ಕಾನೂನಿನೊಂದಿಗೆ ಸಂಘರ್ಷಕ್ಕೆ ಬಂದ ಮಗುವಿಗೂ ಅವನ ತಂದೆತಾಯಿಗೂ ಕೌನ್ಸೆಲಿಂಗ್ ಕೊಡಿಸಿ ಮನೆಗೆ ಕಳಿಸುವ ಅಧಿಕಾರವನ್ನು ಅದರ 18ನೇ ಸೆಕ್ಷನ್ ಬಾಲನ್ಯಾಯ ಮಂಡಳಿಗೆ ಕೊಟ್ಟಿದೆ. ಮಗುವಿಗೂ, ತಂದೆತಾಯಿಗೂ. ಇಬ್ಬರನ್ನೂ ಕಾನೂನು ಒಟ್ಟಿಗೆ ಹೆಸರಿಸಿದೆ.

"ಎಲ್ಲಾ ಮಕ್ಕಳೂ ಸರಿಹೋಗ್ತಾರಾ?" ಅಕ್ಕ ಕೇಳಿದರು. ಇಲ್ಲ ಅಂದೆ. ಬೇಗ ಆರಂಭಿಸಿದಷ್ಟೂ ಒಳ್ಳೆಯದು. ನ್ಯೂಜಿಲೆಂಡಿನ ಡ್ಯುನೆಡಿನ್‌ನಲ್ಲಿ 1972–73ರಲ್ಲಿ ಹುಟ್ಟಿದ ಸಾವಿರದಷ್ಟು ಮಕ್ಕಳನ್ನು ದಶಕಗಟ್ಟಲೆ ಅನುಸರಿಸಿ ನೋಡಿದ ಅಧ್ಯಯನದಲ್ಲಿ ಟೆರಿ ಮೊಫಿಟ್ ಎಂಬ ಮನಶ್ಶಾಸ್ತ್ರಜ್ಞೆ ಎರಡು ಬಗೆಯನ್ನು ಕಂಡರು. ಹದಿಹರೆಯದಲ್ಲಿ ಮಾತ್ರ ಹಾರಾಡುವವರಲ್ಲಿ ಹೆಚ್ಚಿನವರು ತಾವೇ ತಿಳಿಯಾಗುತ್ತಾರೆ. ಚಿಕ್ಕಂದಿನಿಂದಲೇ ಆರಂಭವಾಗಿ ಬಿಡದೆ ಬೆಳೆದದ್ದು ದೊಡ್ಡವರಾದ ಮೇಲೂ ಉಳಿಯುವ ಸಂಭವ ಹೆಚ್ಚು. ಅಂದರೆ "ದೊಡ್ಡವನಾದ ಮೇಲೆ ತಾನೇ ಸರಿಹೋಗ್ತಾನೆ" ಎಂದು ಆರು ವರ್ಷದ ಮಗುವಿನ ವಿಷಯದಲ್ಲಿ ಕೈಕಟ್ಟಿ ಕೂರಬಾರದು. ಮನೆಯಲ್ಲಿ ಕುಡಿತ, ಹೊಡೆತ ನಡೆಯುತ್ತಲೇ ಇದ್ದರೆ ಕೌನ್ಸೆಲಿಂಗ್ ಒಂದರಿಂದಲೇ ಮಗು ನೆಟ್ಟಗಾಗದು, ಅದಕ್ಕೂ ಚಿಕಿತ್ಸೆ ನಡೆಯಬೇಕು.

ಎಲ್ಲಿಗೆ ಹೋಗಬೇಕೆಂಬುದನ್ನೂ ಅಕ್ಕನಿಗೆ ಹೇಳಿದೆ, ಬೇಕಾದವರಿಗೆ ಅವರೂ ಹೇಳಲಿ ಎಂದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳು ಮತ್ತು ಹದಿಹರೆಯದವರಿಗೆಂದೇ ವಿಭಾಗವಿದೆ. ಎಲ್ಲರೂ ಅಲ್ಲಿಯವರೆಗೆ ಹೋಗಬೇಕಿಲ್ಲ. ಮಾನಸಿಕ ಆರೋಗ್ಯ ಸೇವೆಯನ್ನು ಜಿಲ್ಲೆಗಳಿಗೆ ಒಯ್ಯುವ ಕಾರ್ಯಕ್ರಮಕ್ಕೆ ದೇಶಕ್ಕೇ ಮಾದರಿಯಾದದ್ದು 1980ರ ದಶಕದಲ್ಲಿ ನಮ್ಮ ಬಳ್ಳಾರಿಯಲ್ಲಿ ನಿಮ್ಹಾನ್ಸ್ ನಡೆಸಿದ ಪ್ರಯೋಗ. ಈಗ ಜಿಲ್ಲಾಸ್ಪತ್ರೆಗಳಲ್ಲಿ ಮನೋವೈದ್ಯರಿದ್ದಾರೆ. ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದ ಕ್ಲಿನಿಕ್ ನಡೆಸುವ ಏರ್ಪಾಡೂ ಇದೆ. ಎಲ್ಲಿಂದ ಆರಂಭಿಸಬೇಕೆಂದೇ ತೋಚದಿದ್ದರೆ 14416ಕ್ಕೆ ಫೋನ್ ಮಾಡಬಹುದು. ಅದು 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್, ಹಗಲು ರಾತ್ರಿ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ. ಮಗು ಅಪಾಯದಲ್ಲಿದ್ದರೆ ಮಕ್ಕಳ ಸಹಾಯವಾಣಿ 1098.

"ನಮ್ಮಂಥೋರು ಏನ್ಮಾಡ್ಬೇಕು ಹೇಳಿ" ಎಂದು ಅಕ್ಕ ಕೇಳಿದಾಗ ನನಗೆ ಸಂತೋಷವಾಯಿತು. ನಾವು ಮಾಡಬೇಕಾದದ್ದು ದೊಡ್ಡದೇನಲ್ಲ. ಮಕ್ಕಳನ್ನು ಆಟಕ್ಕೆ ಕಳಿಸುವಾಗ "ಅವನ ಜೊತೆ ಸೇರಬೇಡ" ಎನ್ನುವ ಬದಲು ಒಬ್ಬ ದೊಡ್ಡವರು ಹತ್ತಿರ ಕೂತು ನೋಡಿಕೊಳ್ಳೋಣ. ಅವನಿಂದ ಒಂದು ಒಳ್ಳೆಯ ಕೆಲಸವಾದರೆ ಅವನ ಅಮ್ಮನಿಗೆ ಕೇಳಿಸುವಂತೆ ಹೇಳೋಣ. ಆಕೆಗೆ ಈ ಬೀದಿಯಲ್ಲಿ ದೂರು ಬಿಟ್ಟು ಬೇರೇನೂ ಕೇಳಿಸಿಲ್ಲ. ಕೌನ್ಸೆಲಿಂಗಿಗೆ ಹೋಗುವುದನ್ನು ಹುಚ್ಚಾಸ್ಪತ್ರೆ ಎಂದು ಆಡಿಕೊಳ್ಳುವ ಬಾಯಿಗಳನ್ನು ಅಲ್ಲಲ್ಲೇ ಮುಚ್ಚಿಸೋಣ. ನಾಚಿಕೆಗೆ ಹೆದರಿ ಎಷ್ಟೋ ಮನೆಯವರು ಎರಡನೇ ಸಲ ಹೋಗುವುದೇ ಇಲ್ಲ.

ಕೊನೆಗೆ, ನನಗೆ ಬಹಳ ಮುಖ್ಯವೆನಿಸುವ ಒಂದು ಮಾತು. ಇಂಥ ಮಕ್ಕಳನ್ನು ಕರೆದುಕೊಂಡು ಶಾಲೆಗೆ, ಆಸ್ಪತ್ರೆಗೆ, ದೇವಸ್ಥಾನಕ್ಕೆ ಅಲೆಯುವವರು ಹೆಚ್ಚಾಗಿ ತಾಯಂದಿರೇ. ಅಪ್ಪಂದಿರು ಫೀಸು ಕಟ್ಟುತ್ತಾರೆ, ಉಳಿದದ್ದಕ್ಕೆ "ನಿನ್ನ ಮುದ್ದಿನಿಂದಲೇ ಕೆಟ್ಟ" ಎಂದು ಒಂದು ಮಾತು ಒಗೆಯುತ್ತಾರೆ. ತಾಯಿ ಕಲಿತು ಬಂದ ಹೊಸ ರೀತಿಯನ್ನು ಸಂಜೆ ಮನೆಗೆ ಬಂದ ಅಪ್ಪ ಒಂದೇ ಏಟಿನಲ್ಲಿ ಕೆಡಿಸಿದರೆ ಮಗು ಯಾರನ್ನು ನಂಬಬೇಕು? ಅಪ್ಪ ಅರ್ಧ ದಿನ ರಜೆ ಹಾಕಿ ಹೋಗಲಿ. ಕೌನ್ಸೆಲರ್ ಹೇಳಿದ್ದನ್ನು ತನ್ನ ಕಿವಿಯಲ್ಲೇ ಕೇಳಲಿ. ಮುದ್ದು ಮಾಡುವ ಅಜ್ಜಿ, ಗದರುವ ಚಿಕ್ಕಪ್ಪನೂ ಒಂದು ಸಲ ಹೋಗಲಿ. ಹತ್ತು ವರ್ಷದ ಹುಡುಗನೊಬ್ಬ ಅಲ್ಲಿಗೆ ಹೋಗುವಾಗ ಇಡೀ ಮನೆ ತನ್ನ ಜೊತೆ ಬಂದಿದೆ ಎಂದು ಅವನಿಗೆ ಗೊತ್ತಾಗಬೇಕು. ತಪ್ಪು ಮಾಡಿದ್ದಕ್ಕೆ ತನ್ನನ್ನು ಎಳೆದುಕೊಂಡು ಬಂದಿಲ್ಲ, ತಾನು ಬೇಕೆಂದು ಎಲ್ಲರೂ ಬಂದಿದ್ದಾರೆ ಎಂಬುದು ಅವನ ಮನಸ್ಸಿಗೆ ಇಳಿದ ದಿನ ಚಿಕಿತ್ಸೆ ನಿಜವಾಗಿ ಆರಂಭವಾಗುತ್ತದೆ.